ಸಂಚಿಯಲ್ಲಿದ್ದ ಮಾತ್ರೆ

ಆಗಸ್ಟ್ 4, ಸೋಮವಾರ

ಈ ಡೈರಿ ಔಷಧ ಕಂಪನಿಯವನು ವರ್ಷದ ಮೊದಲಲ್ಲಿ ಪುಕ್ಕಟೆ ಕೊಟ್ಟು ಹೋಗಿದ್ದು. ಪ್ರತಿ ಪುಟದ ಕೆಳಗೂ ಎದೆಯುರಿ ಮಾತ್ರೆಯ ಜಾಹೀರಾತಿದೆ. ಇಷ್ಟು ದಿನ ಫ್ರಿಜ್ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ನಿನ್ನೆ ಡಾಕ್ಟರ್ ವೇಣುಗೋಪಾಲ್ ನನ್ನ ಬಿಪಿ ನೋಡಿ, "ಯಾರ ಹತ್ರಾನೂ ಹೇಳೋಕಾಗ್ದೇ ಇರೋದನ್ನ ಬರೆದಿಡಿ ರಾಣಿಯವರೇ, ತಲೆ ಹಗುರ ಆಗುತ್ತೆ" ಅಂದರು. ಅವರಿಗೇನು, ವಾರಕ್ಕೊಂದು ಸಲ ಬಂದು ಸ್ಟೆತಸ್ಕೋಪ್ ಇಟ್ಟು ಹೋಗುವವರು.

ಶನಿವಾರ ನಮ್ಮ ವೃದ್ಧರ ಹೋಂನಲ್ಲಿ ಸುಬ್ಬಮ್ಮನವರು ವೀರಬಸಪ್ಪನವರ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಬಿಟ್ಟರು. ಸುಬ್ಬಮ್ಮನಿಗೆ ಇರುವುದು ಮರೆವಿನ ಕಾಯಿಲೆ, ಸಕ್ಕರೆ ಕಾಯಿಲೆ ಅಲ್ಲ. ಪೆಪ್ಪರ್‌ಮೆಂಟ್ ಅಂದುಕೊಂಡರೋ ಏನೋ. ಊಟಕ್ಕೆ ಎಬ್ಬಿಸಲು ಹೋದರೆ ಮೈಯೆಲ್ಲ ತಣ್ಣನೆ ಬೆವರು, ಕಣ್ಣು ಮೇಲಕ್ಕೆ ಹೋಗಿವೆ. ಈಗ ಆಸ್ಪತ್ರೆಯಲ್ಲಿದ್ದಾರೆ.

ತಪ್ಪು ಯಾರದು ಅಂತ ಎಲ್ಲರೂ ಕೇಳುತ್ತಿದ್ದಾರೆ. ಇಡ್ಲಿ ತಟ್ಟೆಯದು ಅನ್ನಲೇ? ನಮ್ಮ ಹೋಂ ಶುರುವಾದಾಗಿನಿಂದ ಮಾತ್ರೆ ಇಡುವುದು ಮಿನಿ ಇಡ್ಲಿ ತಟ್ಟೆಯಲ್ಲಿ. ಒಂದೊಂದು ಗುಳಿ ಒಬ್ಬೊಬ್ಬರದು. ಹಾಲ್‌ನ ಕಿಟಕಿ ಕಟ್ಟೆಯ ಮೇಲೆ ಇಟ್ಟರೆ, ಬಂದವರು ತಮ್ಮ ಗುಳಿಯಿಂದ ಎತ್ತಿಕೊಂಡು ನೀರು ಕುಡಿದು ಹೋಗುತ್ತಾರೆ. ನನ್ನದೇ ಉಪಾಯ. ನೋಡಲು ಬಂದ ಮಕ್ಕಳೆಲ್ಲ ಎಷ್ಟು ನೀಟಾಗಿ ಜೋಡಿಸಿದ್ದೀರಿ ಅಂತ ಹೊಗಳಿ ಫೋಟೋ ತೆಗೆದುಕೊಂಡು ಹೋಗಿದ್ದರು.

ಸುಬ್ಬಮ್ಮನ ಮಗಳು ಚೈತ್ರ ಆಸ್ಪತ್ರೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದಳು. "ಆಂಟಿ, ನಿಮ್ಮವರೇ ಆಗಿದ್ರೆ ಹಿಂಗೆ ಕಿಟ್ಕೀಲಿ ಇಡ್ತಿದ್ರಾ?"

ನನ್ನ ಮಾವನೇ ಒಂದನೇ ಬೆಡ್‌ನಲ್ಲಿದ್ದಾರಮ್ಮ, ಅವರ ಮಾತ್ರೆಯೂ ಅದೇ ತಟ್ಟೆಯಲ್ಲೇ ಇರುತ್ತದೆ ಅನ್ನಬೇಕೆನಿಸಿತು. ಸುಬ್ಬಮ್ಮನಿಗೆ ಏನಾದರೂ ಆದರೆ ನಾನು ಈ ಹೋಂ ಬಾಗಿಲು ತೆಗೆಯುವುದಿಲ್ಲ. ಇನ್ನೊಂದು ಸಲ ಇಂಥದ್ದನ್ನು ನೋಡುವ ಶಕ್ತಿ ನನಗಿಲ್ಲ.

ಆಗಸ್ಟ್ 9, ಶನಿವಾರ

ಸುಬ್ಬಮ್ಮ ವಾಪಸು ಬಂದರು. ಅವರ ಮೈ ಮಾತ್ರ ಬಂತು ಅನ್ನಬೇಕು. ಮುಂಚೆ ನನ್ನ ಸೆರಗು ಹಿಡಿದುಕೊಂಡು "ರಾಣಕ್ಕಾ, ಒಂದೇ ಒಂದ್ ಪೆಪ್ಪರ್‌ಮೆಂಟ್ ಕೊಡೇ" ಅಂತ ಪೀಡಿಸುತ್ತಿದ್ದರು, ನನ್ನ ತಾಯಿಯ ವಯಸ್ಸಿನವರು. ಈಗ ಗೋಡೆ ನೋಡುತ್ತಾ ಕೂರುತ್ತಾರೆ. ಚೈತ್ರ ತಲೆ ಬಾಚಿ, ಜಡೆ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಹೋದಳು.

ಮಾವ ವಾಕರ್ ತಳ್ಳಿಕೊಂಡು ಬಂದು ಸುಬ್ಬಮ್ಮನ ಪಕ್ಕ ಕೂತರು. ಸೊಂಟದ ಸಂಚಿ ಬಿಚ್ಚಿ, "ಎಲೆ ಆಕ್ತೀಯೇನವ್ವಾ?" ಅಂದರು. ಸುಬ್ಬಮ್ಮ ತಿರುಗಲಿಲ್ಲ. ಮಾವ ಒಂದೆಲೆಗೆ ಸುಣ್ಣ ಹಚ್ಚಿ ಮಡಿಸಿ ಅವರ ಅಂಗೈಯಲ್ಲಿಟ್ಟು, ತಾವೊಂದು ಹಾಕಿಕೊಂಡು, ತುಂಬಾ ಹೊತ್ತು ಅಲ್ಲೇ ಕೂತಿದ್ದರು. ನನಗೆ ಅಳು ಬಂತು. ಅಡಿಗೆಮನೆಗೆ ಹೋಗಿ ಅತ್ತೆ.

ಮಾವ ಎಂದರೆ ಶ್ರೀರಾಮಪ್ಪ. ಈ ಕಟ್ಟಡ ಇರುವ ಜಾಗದಲ್ಲೇ ಅವರು ನೀಲಿ ದ್ರಾಕ್ಷಿ ಬೆಳೆಯುತ್ತಿದ್ದರು. ತೊಡೆ ಮೂಳೆ ಮುರಿದ ಮೇಲೆ ಗಂಗಾನಗರದ ನಮ್ಮ ಮನೆಯ ಮೆಟ್ಟಿಲು ಹತ್ತಲಾಗದೆ, "ನನ್ ತೋಟದಾಗೇ ಒಂದ್ ಮಂಚ ಆಕಿ, ಅಲ್ಲೇ ಇರ್ತೀನಿ" ಎಂದು ತಾವೇ ಇಲ್ಲಿಗೆ ಬಂದರು. ಅವರ ಮಂಚ ಇರುವುದು ಬಾವಿ ಇದ್ದ ಜಾಗವಂತೆ. ಬಂದವರಿಗೆಲ್ಲ ಹೇಳುತ್ತಾರೆ, ಕೆಳಗೆ ನೀರಿನ ಸದ್ದು ಕೇಳಿಸುತ್ತೆ ಅಂತ. ಕೇಳಿಸುವುದು ಸಂಪಿನ ಮೋಟರು. ನಾನು ಹೇಳಿಲ್ಲ.

ಆಗಸ್ಟ್ 13, ಬುಧವಾರ

ಬೀರು ಬಂತು. ದಪ್ಪ ತಗಡಿನ, ಒಳಗೊಂದು ಹೊರಗೊಂದು ಬಾಗಿಲಿನ ಬೀರು. ಒಳಗೆ ಬೆಡ್ ನಂಬರ್ ಬರೆದ ಡಬ್ಬಿಗಳು. ಒಂದು ಮಾವನದು, ಮೂರು ವೀರಬಸಪ್ಪನವರದು, ಐದು ಸುಬ್ಬಮ್ಮನದು, ಹೀಗೆ. ಇಡ್ಲಿ ತಟ್ಟೆಯನ್ನು ಗುಜರಿಗೆ ಹಾಕಿದೆ. ಅದರಲ್ಲಿ ಇನ್ನು ಇಡ್ಲಿ ಬೇಯಿಸಿದರೂ ನನಗೆ ಇಳಿಯುವುದಿಲ್ಲ.

ಬೀಗದ ಕೈ ನನ್ನ ಸೊಂಟದಲ್ಲಿ. ಸಂಜೆ ಮನೆಗೆ ಹೊರಡುವ ಮುಂಚೆ ರಾತ್ರಿಯ ಮಾತ್ರೆಗಳನ್ನು ನಾನೇ ತೆಗೆದು ನರ್ಸ್ ಸಬಾ ಕೈಗೆ ಕೊಡುವುದು, ಬೆಳಿಗ್ಗೆ ಬಂದು ನಾನೇ ತೆಗೆಯುವುದು. ಇನ್ನೊಂದು ಕೈ ಗಂಗಾನಗರದ ಮನೆಯ ಲಾಕರ್‌ನಲ್ಲಿ ಭದ್ರ.

"ಒಂದು ಕೀ ಇಲ್ಲಿರ್ಲಿ ಮೇಡಂ," ಅಂದಳು ಸಬಾ.

"ಎರಡು ಕೀ ಇದ್ರೆ ಎರಡು ನೆಪ ಕಣೆ. ಆಮೇಲೆ ಯಾರು ತೆಗೆದ್ರು ಅಂತ ಒಬ್ಬರ ಮುಖ ಒಬ್ಬರು ನೋಡ್ಬೇಕಾಗುತ್ತೆ," ಅಂದೆ. ಒಳ್ಳೆಯ ಹುಡುಗಿ. ಆದರೆ ಆ ಶನಿವಾರ ಡ್ಯೂಟಿಯಲ್ಲಿದ್ದವಳೂ ಇವಳೇ.

ಬೀಗ ಎಳೆದು ನೋಡಿದೆ. ಭದ್ರವಾಗಿದೆ. ಎಷ್ಟೋ ದಿನದ ಮೇಲೆ ಇವತ್ತು ಅನ್ನ ರುಚಿಸಿತು.

ಆಗಸ್ಟ್ 16, ಶನಿವಾರ

ಬೀರು ಇಟ್ಟರೆ ಸಾಕೇ? ಇವರೆಲ್ಲ ತಲೆದಿಂಬಿನ ಕೆಳಗೆ, ಕನ್ನಡಕದ ಡಬ್ಬಿಯಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಏನೇನು ಇಟ್ಟುಕೊಂಡಿದ್ದಾರೋ. ಇವತ್ತು ಎಲ್ಲವನ್ನೂ ವಸೂಲು ಮಾಡಿದೆ. ವೀರಬಸಪ್ಪನವರ ಹತ್ತಿರ ಭೇದಿ ಮಾತ್ರೆ, ಭೇದಿ ನಿಲ್ಲುವ ಮಾತ್ರೆ, ಎರಡೂ ಒಂದೇ ಕಾಗದದ ಪೊಟ್ಟಣದಲ್ಲಿ. ಕೇಳಿದರೆ "ನನಗೆ ಗೊತ್ತಾಗುತ್ತಮ್ಮ" ಅಂತಾರೆ. ಪಕ್ಕದ ಬೆಡ್‌ನವರಿಗೆ ಮಂಡಿ ನೋವಿಗೆ ತಮ್ಮದೇ ಮಾತ್ರೆ ಕೊಡುತ್ತಿದ್ದರಂತೆ, ಎಲೆ ಅಡಿಕೆ ಹಂಚುವ ಹಾಗೆ.

ಮೊದಲು ಕೇಳಿದ್ದು ಮಾವನನ್ನೇ. ಬೇಕೆಂದೇ. ಸೊಸೆ ತನ್ನ ಮಾವನಿಗೆ ಒಂದು ನ್ಯಾಯ, ನಮಗೊಂದು ನ್ಯಾಯ ಮಾಡಿದಳು ಅಂತ ಯಾರೂ ಅನ್ನಬಾರದು.

ಮಾವನ ಸಂಚಿ ಅಂದರೆ ಸಣ್ಣ ಅಂಗಡಿ. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ, ಎದೆ ನೋವು ಬಂದಾಗ ನಾಲಿಗೆ ಕೆಳಗಿಟ್ಟುಕೊಳ್ಳುವ ಪುಟ್ಟ ಮಾತ್ರೆಯ ಶೀಟು.

"ಇದೊಂದ್ ಬ್ಯಾಡ ಅಮ್ಮಣ್ಣಿ," ಅಂದರು. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಅಮ್ಮಣ್ಣಿ ಅಂತಲೇ ಕರೆಯುವುದು. "ಬೇರೆ ಯಾವ್ದಾದ್ರೂ ತಗಂಡೋಗು. ಇದ್ ಮಾತ್ರ ಇಲ್ಲೇ ಇರ್ಲಿ."

"ಎಲ್ಲರಿಗೂ ಒಂದೇ ರೂಲ್ಸು ಮಾವ. ನೋವು ಬಂದ್ರೆ ಕರೀರಿ, ತಗೊಂಡು ಬಂದು ಕೊಡ್ತೀವಿ."

"ಎದೆ ಇಡ್ಕಂಡಾಗ ಕೈ ತಾನೇ ಸೊಂಟುಕ್ ಓಯ್ತದೆ. ನಿನ್ ಬೀರು ತಾವುಕ್ ಓಗಾಕಿಲ್ಲ."

ಎಲ್ಲರೂ ನೋಡುತ್ತಿದ್ದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಮಾವ ಕೊಟ್ಟರು. ಶೀಟಿಗೆ ಸುಣ್ಣ ಮೆತ್ತಿಕೊಂಡಿತ್ತು. ಒರೆಸಿ ಒಂದನೇ ಡಬ್ಬಿಯಲ್ಲಿಟ್ಟೆ. ಆಮೇಲೆ ಒಬ್ಬರೂ ತಕರಾರು ಮಾಡಲಿಲ್ಲ.

ಆಗಸ್ಟ್ 27, ಬುಧವಾರ, ಗಣೇಶನ ಹಬ್ಬ

ಹಾಲ್‌ನಲ್ಲಿ ಪುಟ್ಟ ಗಣಪತಿ ಕೂರಿಸಿದ್ದೆವು. ಡಾಕ್ಟರ್ ಕಡುಬು ತಿನ್ನುತ್ತಾ ಬೀರು ನೋಡಿದರು. ಡಬ್ಬಿ, ನಂಬರು, ಎಕ್ಸ್‌ಪೈರಿ ತಾರೀಕು ಎಲ್ಲ ನೋಡಿ, "ದೊಡ್ಡ ಆಸ್ಪತ್ರೇಲೂ ಇಷ್ಟು ಚೆನ್ನಾಗಿರಲ್ಲ" ಅಂದರು. ಮತ್ತೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಶ್ರೀರಾಮಪ್ಪನವರ ಎದೆ ನೋವಿನ ಮಾತ್ರೆ ಮಾತ್ರ ಅವರ ಹತ್ರಾನೇ ಇರ್ಲಿ. ಅದು ತಕ್ಷಣ ಬೇಕಾಗೋ ಸಾಮಾನು" ಅಂದರು.

ಹೇಳುವುದು ಸುಲಭ. ಸುಬ್ಬಮ್ಮ ದಿನವೂ ಮಾವನ ಪಕ್ಕದಲ್ಲೇ ಕೂರುವುದು. ಈಗ ಆ ಸಂಚಿಗೆ ಕೈ ಹಾಕುವುದನ್ನೂ ಕಲಿತಿದ್ದಾರೆ. ಬಿಳಿ ಮಾತ್ರೆ, ಪೆಪ್ಪರ್‌ಮೆಂಟಿನ ಹಾಗೇ ಇದೆ. ನಾಳೆ ಅವರು ಅದನ್ನು ನುಂಗಿದರೆ ಚೈತ್ರ ಡಾಕ್ಟರನ್ನು ಕೇಳುತ್ತಾಳೆಯೇ? ನನ್ನನ್ನು ಕೇಳುತ್ತಾಳೆ. ಒಬ್ಬರಿಗೆ ಬಿಟ್ಟರೆ ವೀರಬಸಪ್ಪನವರು ಪೊಟ್ಟಣ ವಾಪಸು ಕೇಳುತ್ತಾರೆ.

ಆಯ್ತು ಡಾಕ್ಟ್ರೇ ಅಂದೆ. ಕೊಡಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಹೋಂನಲ್ಲಿರುವವರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚೈತ್ರ ಬೀರಿನ ಫೋಟೋ ಹಾಕಿ ಎರಡು ಸಾಲು ಬರೆದಿದ್ದಾಳೆ. "ಬೇರೆ ಹೋಂನವರೂ ರಾಣಿ ಆಂಟಿ ಹತ್ರ ಕಲೀಬೇಕು." ಕೈ ಮುಗಿದ ಚಿತ್ರಗಳು ಒಂದು ರಾಶಿ. ನಾಲ್ಕು ಸಲ ಓದಿದೆ. ನನ್ನ ಗಂಡನಿಗೂ ತೋರಿಸಿದೆ. ಸುಬ್ರಮಣಿಯವರಿಗೆ ಜೆಸಿಬಿ, ಟಿಪ್ಪರ್ ಬಿಟ್ಟರೆ ಬೇರೆ ಲೋಕವಿಲ್ಲ. "ಪರ್ವಾಗಿಲ್ವೇ, ಫೇಮಸ್ ಆಗ್ಬಿಟ್ಟೆ" ಅಂದು ಮತ್ತೆ ಫೋನಿನಲ್ಲಿ ಮಣ್ಣಿನ ಲೋಡು ಮಾತಾಡತೊಡಗಿದರು.

ಮೂರನೇ ಬೆಡ್ ಇನ್ನೂ ಎರಡು ಮಾತ್ರೆ ಬಚ್ಚಿಟ್ಟಿತ್ತು, ಕಾಲುಚೀಲದೊಳಗೆ. ವಶಪಡಿಸಿಕೊಂಡೆ. ಅಷ್ಟು ವಯಸ್ಸಾಗಿದೆ, ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿತ್ತು.

ಸೆಪ್ಟೆಂಬರ್ 18, ಗುರುವಾರ

ಬೆಳಿಗ್ಗೆ ಒಂದನೇ ಬೆಡ್‌ಗೆ ಎದೆ ನೋವು. ಸಬಾ ಫೋನ್ ಮಾಡಿದಾಗ ನಾನು ಹೆಬ್ಬಾಳ ಫ್ಲೈಓವರ್ ಮೇಲೆ ಸ್ಕೂಟರ್‌ನಲ್ಲಿ ನಿಂತಿದ್ದೆ. ಮುಂದೆ ಏರ್‌ಪೋರ್ಟ್ ಬಸ್ಸು, ಹಿಂದೆ ಸ್ಕೂಲ್ ವ್ಯಾನು. ತಲುಪಿ, ಬೀರು ತೆಗೆದು, ಮಾತ್ರೆ ನಾಲಿಗೆ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಸರಿಯಾಯಿತು. ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ.

ಸಬಾ ಮುಖ ಬಿಗಿದುಕೊಂಡಿದ್ದಳು. "ಮೇಡಂ, ತಾತ ನೀವು ಬರೋವರ್ಗೂ ಮಂಚದ್ ಕಂಬಿ ಹಿಡ್ಕೊಂಡೇ ಇದ್ರು. ನಾನು ನೋಡ್ತಾ ನಿಂತಿದ್ದೆ. ಇನ್ನೇನ್ ಮಾಡ್ಲಿ ಹೇಳಿ?"

"ನೋಡ್ತಾ ನಿಂತ್ಕೊಳ್ಳೋದು ನಿಂಗೇನ್ ಹೊಸದಾ? ಸುಬ್ಬಮ್ಮ ನುಂಗ್ದಾಗ್ಲೂ ನೋಡ್ತಾನೇ ಇದ್ದೆ," ಅಂದೆ. ಬಾಯಿಂದ ಬಂದುಬಿಟ್ಟಿತು.

ಒಂದನೇ ಬೆಡ್ ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿಕೊಂಡಿತು. "ಅಮ್ಮಣ್ಣಿ, ನಾನ್ ಏನಾರ ತಪ್ ಮಾಡಿದ್ನಾ?" ಅಂತ ಕೇಳಿತು.

"ಇಲ್ಲ ಮಾವ."

"ಮತ್ತೆ ಯಾಕವ್ವಾ?"

ಹೇಳಿದ್ದನ್ನೇ ಎಷ್ಟು ಸಲ ಹೇಳುವುದು. ಕೆಲಸವಿದೆ ಎಂದು ಎದ್ದು ಬಂದೆ.

ಸೆಪ್ಟೆಂಬರ್ 30, ಮಂಗಳವಾರ

ನಾಳೆ ಆಯುಧಪೂಜೆ. ಗಂಗಾನಗರದ ಮನೆಯ ಮುಂದೆ ಜೆಸಿಬಿ ತೊಳೆದು ನಿಲ್ಲಿಸಿದ್ದಾರೆ, ಕಾರು ಸ್ಕೂಟರ್ ಎಲ್ಲ ತೊಳೆದಾಯಿತು. ಮನೆಯಲ್ಲಿ ಬೂದುಗುಂಬಳದ ರಾಶಿ.

ನಮ್ಮ ಮನೆಯ ಪದ್ಧತಿ ಮಾವ ಹಾಕಿಕೊಟ್ಟಿದ್ದು. ಆಯುಧ, ಬೀಗದ ಕೈ, ಏನೇ ಇರಲಿ, ದೇವಿಯ ಮುಂದೆ ಇಟ್ಟ ಮೇಲೆ ಮಾರನೇ ದಿನದವರೆಗೂ ಮುಟ್ಟುವ ಹಾಗಿಲ್ಲ. ತೋಟವಿದ್ದಾಗ ಆ ದಿನ ಒಂದು ಗೊಂಚಲು ಕತ್ತರಿಸಲೂ ಬಿಡುತ್ತಿರಲಿಲ್ಲವಂತೆ. ನಾನು ಮದುವೆಯಾಗಿ ಬಂದ ವರ್ಷ ಈರುಳ್ಳಿ ಹೆಚ್ಚಲು ಪೂಜೆಗಿಟ್ಟ ಚಾಕು ಎತ್ತಿಕೊಂಡಿದ್ದೆ. ಅತ್ತೆ ಬೈದರು. ಮಾವ ನಕ್ಕು, "ಅದ್ಕೂ ಒಂದಿನ ರಜಾ ಕೊಡು ಅಮ್ಮಣ್ಣಿ, ವರ್ಸೆಲ್ಲ ದುಡೀತದೆ" ಅಂದಿದ್ದರು.

ಇವತ್ತು ಹೊರಡುವಾಗ ವಾಕರ್ ಹಿಡಿದು ಬಾಗಿಲವರೆಗೂ ಬಂದರು. ನಮ್ಮ ಹಳೇ ಗುದ್ದಲಿ ಇನ್ನೂ ಇದೆಯಾ, ಅದಕ್ಕೂ ಕುಂಕುಮ ಇಡಿ ಅಂದರು. ಇಡ್ತೀವಿ ಅಂದೆ.

ಅಕ್ಟೋಬರ್ 1, ಬುಧವಾರ, ಬೆಳಿಗ್ಗೆ

ಬೇಗ ಹೋಂಗೆ ಹೋಗಿ ಬಂದೆ. ಮಧ್ಯಾಹ್ನದ್ದು, ರಾತ್ರಿಯದು, ಎಲ್ಲರ ಮಾತ್ರೆಯನ್ನೂ ಲೋಟಗಳಲ್ಲಿ ಹಾಕಿ, ಮೇಲೆ ನಂಬರ್ ಅಂಟಿಸಿ ಸಬಾಗೆ ಕೊಟ್ಟೆ. ಬೇರೆಯವರೆಲ್ಲ ರಜೆ, ಅವಳೂ ಅಡಿಗೆಯ ಮುನಿನಾರಾಯಣಮ್ಮನೂ ಇಬ್ಬರೇ.

"ತಾತನ್ ಎದೆ ನೋವಿಂದು?" ಅಂದಳು.

"ದಿನಾ ಬರುತ್ತಾ ನೋವು? ನಾಳೆ ಬೆಳಿಗ್ಗೆ ಬಂದೇಬಿಡ್ತೀನಲ್ಲ."

ಮನೆಯಲ್ಲಿ ಇವರು ಆಗಲೇ ಚುಡಾಯಿಸುತ್ತಿದ್ದಾರೆ. "ನಂದು ಜೆಸಿಬಿ, ನಿನ್ ಆಯುಧ ಏನೇ? ಸೌಟಾ?" ಅಂತ. ಸೊಂಟದಿಂದ ಬೀರಿನ ಕೈ ತೆಗೆದು ತೋರಿಸಿದೆ. ತೊಳೆದು, ಕುಂಕುಮ ಇಟ್ಟು, ಗುದ್ದಲಿಯ ಪಕ್ಕದಲ್ಲಿಡುತ್ತೇನೆ. ಈ ವರ್ಷ ದುಡಿದದ್ದು ಅದೇ ತಾನೇ.

ಅಕ್ಟೋಬರ್ 3, ಶುಕ್ರವಾರ

ಮಾವ ಹೋಗಿಬಿಟ್ಟರು.

ಅಕ್ಟೋಬರ್ 4, ಶನಿವಾರ

ಇವತ್ತು ಹಾಲು ತುಪ್ಪ ಬಿಟ್ಟು ಬಂದೆವು. ಮನೆ ತುಂಬ ನೆಂಟರು. ನಾನು ಮಹಡಿಯ ಕೋಣೆಗೆ ಬಂದು ಕೂತಿದ್ದೇನೆ. ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಬುಧವಾರ ಪೂಜೆ ಸಂಜೆಗೆ ಶುರುವಾಯಿತು. ಈಗಿನ ಕಾಲದ ಆಯುಧ ಅಂತ ಇವರು ಎಲ್ಲರ ಫೋನುಗಳನ್ನೂ ದೇವಿಯ ಮುಂದೆ ಇಡಿಸಿದರು. ಪೂಜೆಯ ನಡುವೆ ಹೊಡೆದುಕೊಳ್ಳದಿರಲಿ ಅಂತ ನಾನೇ ನನ್ನ ಫೋನಿನ ಸದ್ದು ಆರಿಸಿದ್ದೆ. ಅದರ ಮೇಲೆ ಸೇವಂತಿಗೆ ಬಿದ್ದಿತ್ತು. ಹೂವಿನ ಕೆಳಗೆ ಬೆಳಕು ಬಂತು, ಸಬಾ ಹೆಸರು. ಮೊದಲ ಸಲ ಬಂದಾಗಲೇ ನೋಡಿದೆ. ಆರತಿ ನಡೆಯುತ್ತಿತ್ತು. ಸಬಾಗೆ ಎಲ್ಲದಕ್ಕೂ ಗಾಬರಿ ಅಂದುಕೊಂಡೆ. ಮತ್ತೆ ಬಂತು. "ಇಟ್ಟಿದ್ದನ್ನ ಎತ್ಬೇಡ ಕಣೇ, ಪೂಜೆ ಮುಗೀಲಿ" ಅಂದರು ಇವರು. ಮುಗಿಯಲಿ ಅಂತ ನಾನೂ ಕೈ ಮುಗಿದು ನಿಂತೆ. ದೇವಿಯ ಮುಂದೆ ಏನು ಕೇಳಿಕೊಂಡೆ ಅನ್ನುವುದೂ ನೆನಪಿದೆ. ನನ್ನ ಹೋಂನಲ್ಲಿ ಇನ್ನು ಯಾರಿಗೂ ಏನೂ ಆಗದಿರಲಿ ಅಂತ.

ಕುಂಬಳಕಾಯಿ ಒಡೆದ ಮೇಲೆ ಫೋನ್ ಎತ್ತಿಕೊಂಡೆ. ಸಬಾ ಅಳುತ್ತಿದ್ದಳು. "ಕೀ ತನ್ನಿ ಮೇಡಂ, ಕೀ ತನ್ನಿ" ಅನ್ನುವುದೊಂದೇ ಮಾತು.

ಬಾಳೆಕಂದು ಕಟ್ಟಿದ ಕಾರಿನಲ್ಲೇ ಹೊರಟೆವು. ಇವರಿಗೆ ಅಪ್ಪನಿಗೆ ಎದೆ ನೋವು ಅಂತಷ್ಟೇ ಹೇಳಿದೆ. ಹೆಬ್ಬಾಳದಲ್ಲಿ ಹೂವು ಹಾಕಿಕೊಂಡ ಬಸ್ಸು, ಆಟೋ, ಲಾರಿ, ಊರಿಗೆ ಊರೇ ರಸ್ತೆಯಲ್ಲಿತ್ತು. ಕೀ ನನ್ನ ಮುಷ್ಟಿಯಲ್ಲಿತ್ತು. ಕುಂಕುಮ ಬೆವರಿಗೆ ಕರಗಿ ಕೈಯೆಲ್ಲ ಕೆಂಪಾಗಿತ್ತು. ಇಳಿದು ಓಡಿಬಿಡಲೇ ಅನ್ನಿಸಿತು. ಓಡಲಿಲ್ಲ.

ತಲುಪುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು. ಇವರು ಅದರ ಹಿಂದೆಯೇ ಆಸ್ಪತ್ರೆಗೆ ಕಾರು ತಿರುಗಿಸಿದರು. ನಾನು ಇಳಿದುಕೊಂಡೆ. ಯಾಕೆ ಇಳಿದೆನೋ.

ಒಳಗೆ ಬೀರಿನ ಬಾಗಿಲು ತಗ್ಗು ತಗ್ಗಾಗಿತ್ತು. ಸಬಾ ಅಡಿಗೆಮನೆಯ ರುಬ್ಬುಗುಂಡು ತಂದು ಹೊಡೆದಿದ್ದಳು. ದಪ್ಪ ತಗಡು, ಹೇಳಿ ಮಾಡಿಸಿದ್ದು. ಮುನಿನಾರಾಯಣಮ್ಮ ಮೆಡಿಕಲ್ ಶಾಪಿಗೆ ಓಡಿದ್ದಳಂತೆ. ಅಲ್ಲಿ ಪೂಜೆ ಮುಗಿಸಿ, ಶಟರ್ ಎಳೆದು, ಮುಂದೆ ನಿಂಬೆಹಣ್ಣು ಇಟ್ಟು ಹೋಗಿದ್ದರು.

ಮಾವನ ಮಂಚದ ತುಂಬ ಎಲೆ, ಅಡಿಕೆ ಚೆಲ್ಲಾಡಿತ್ತು. ಸುಣ್ಣ ಹಾಸಿಗೆಗೆಲ್ಲ ಮೆತ್ತಿತ್ತು. ಸಂಚಿಯ ಅರೆಗಳೆಲ್ಲ ಒಳಗಿನದು ಹೊರಗೆ. "ಮಾತ್ರೆ ನಿಮ್ಮತ್ರ ಇಲ್ಲ ತಾತ, ಬೀರಲ್ಲಿದೆ ಅಂತ ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ ಮೇಡಂ. ಅದ್ರಲ್ಲೇ ಹುಡುಕ್ತಾನೇ ಇದ್ರು," ಅಂದಳು ಸಬಾ.

ಕೈ ತಾನೇ ಸೊಂಟಕ್ಕೆ ಹೋಗುತ್ತದೆ ಅಂದಿದ್ದರು. ಹೋಯಿತು. ಅಲ್ಲಿ ಇರಲಿಲ್ಲ.

ಸುಬ್ಬಮ್ಮ ಆ ಮಂಚದ ಮೇಲೆ ಕೂತು ಒಂದೊಂದೇ ಎಲೆ ಎತ್ತಿ ತೊಡೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಿಮ್ಮಿಂದಲೇ ಅಂತ ಕೂಗಿಬಿಟ್ಟೆ. ಅವರು ನನ್ನ ಕಡೆ ನೋಡಿ ಒಂದು ಎಲೆ ಚಾಚಿದರು.

ಆಸ್ಪತ್ರೆ ತಲುಪುವ ಮುಂಚೆಯೇ ಹೋಗಿದ್ದರಂತೆ. ಡಾಕ್ಟರ್ ವೇಣುಗೋಪಾಲ್ ನಿನ್ನೆ ಮನೆಗೆ ಬಂದು, ಆ ಮಾತ್ರೆ ಕೊಟ್ಟಿದ್ದರೂ ಉಳಿಯುತ್ತಿದ್ದರು ಅಂತ ಹೇಳಲಾಗುವುದಿಲ್ಲ, ವಯಸ್ಸಾಗಿತ್ತು ಅಂದರು. ನಾನು ಕೇಳಿರಲಿಲ್ಲ. ಅವರಾಗಿಯೇ ಹೇಳಿದರು. ಆ ಮಾತನ್ನು ಹಿಡಿದುಕೊಂಡೇ ಇವತ್ತು ಸ್ಮಶಾನದ ದಾರಿ ನಡೆದೆ.

ಅಕ್ಟೋಬರ್ 8, ಬುಧವಾರ

ಸಬಾ ಕೆಲಸ ಬಿಟ್ಟಳು. ಆರ್‌.ಟಿ. ನಗರದ ಯಾವುದೋ ಕ್ಲಿನಿಕ್‌ಗೆ ಸೇರುತ್ತಾಳಂತೆ. ಬೀರಿನ ಬಾಗಿಲು ಹಾಳು ಮಾಡಿದ್ದಕ್ಕೆ ನಾನು ಒಂದು ಮಾತೂ ಅಂದಿರಲಿಲ್ಲ. ಅವಳೂ ಇವರಿಗೆ ಏನೂ ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಬೈಸಿಕೊಂಡಾದರೂ ಮುಗಿದುಹೋಗುತ್ತಿತ್ತು. ಗೇಟಿನ ಹತ್ತಿರ "ಬರ್ತೀನಿ ಮೇಡಂ" ಅಂದಳು. ನಾನು ಅವಳ ಚಪ್ಪಲಿ ನೋಡುತ್ತಾ ನಿಂತಿದ್ದೆ.

ನೆಂಟರಲ್ಲಿ ನನ್ನದೇ ಮಾತು. ಕೊನೆವರೆಗೂ ಮಾವನನ್ನು ಮಗುವಿನ ಹಾಗೆ ನೋಡಿಕೊಂಡಳು, ಸೊಸೆ ಅಂದರೆ ಇಂಥವಳಿರಬೇಕು ಅಂತ. ನಾನು ಕಾಫಿ ಕೊಟ್ಟುಕೊಂಡು ಓಡಾಡುತ್ತೇನೆ.

ಅಕ್ಟೋಬರ್ 11, ಶನಿವಾರ

ಹನ್ನೊಂದನೇ ದಿನದ ಕಾರ್ಯ ಆಯಿತು.

ಮಾವನ ಫೋಟೋ ಮುಂದೆ ಎಡೆ ಇಡುವುದಕ್ಕೆ ಇವರೇ ಒಂದೊಂದನ್ನೂ ನೆನಪು ಮಾಡಿಕೊಂಡು ತರಿಸಿದ್ದರು. ಮುದ್ದೆ, ನಾಟಿ ಕೋಳಿ ಸಾರು, ಕಡ್ಲೆಕಾಯಿ, ಎಲ್ಲೆಲ್ಲೋ ಹುಡುಕಿಸಿ ಒಂದು ಗೊಂಚಲು ನೀಲಿ ದ್ರಾಕ್ಷಿ. ಹೊಸ ಪಂಚೆ. ಕೊನೆಗೆ ಸಂಚಿ ತೆಗೆದುಕೊಂಡು ಕೂತರು. ನಾನು ಒಗೆದು ಇಸ್ತ್ರಿ ಮಾಡಿಟ್ಟಿದ್ದೆ. ಎಲೆ ಇಟ್ಟರು, ಅಡಿಕೆ ಇಟ್ಟರು, ಸುಣ್ಣದ ಡಬ್ಬಿ ಇಟ್ಟರು. ಎಲ್ಲಕ್ಕಿಂತ ಒಳಗಿನ ಅರೆಗೆ ಬೆರಳು ಹಾಕಿ ನೋಡಿದರು.

"ರಾಣಿ, ಮಾತ್ರೆ ಎಲ್ಲೇ?"

"ಯಾವ್ದು?"

"ಅದೇ ಎದೆ ನೋವಿಂದು. ಅಪ್ಪ ಇದ್ರಲ್ಲೇ ಇಟ್ಕೊಳ್ತಿದ್ರಲ್ಲ. ಅದಿಲ್ದೆ ಬಾಗ್ಲಾಚೆಗೂ ಬರ್ತಿರ್ಲಿಲ್ಲ. ಎಲ್ಲಾ ಇಟ್ಟು ಅದೊಂದ್ ಬಿಟ್ರೆ ಹೆಂಗೆ?"

ಎಲ್ಲರೂ ಇದ್ದರು. ಹೋಂನಲ್ಲಿದೆ ಅಂದೆ. ಅಲ್ಲಿ ಯಾಕಿದೆ ಅಂತ ಅವರು ಕೇಳಲಿಲ್ಲ. ಆ ದಿನದ ಗಡಿಬಿಡಿಯಲ್ಲಿ ಬಿದ್ದುಹೋಗಿರಬೇಕು ಅಂದುಕೊಂಡರೋ ಏನೋ. "ಹೋಗಿ ತಗೊಂಡ್ಬಾ, ಕಾಯ್ತೀವಿ" ಅಂದರು. ಕಣ್ಣು ತುಂಬಿಕೊಂಡಿತ್ತು. ಆಗ ಹೇಳಿಬಿಡಬೇಕಿತ್ತು. ಅವರ ಮುಖ ನೋಡಿ ಸ್ಕೂಟರ್ ಕೀ ಎತ್ತಿಕೊಂಡೆ.

ಸ್ಕೂಟರ್‌ನಲ್ಲಿ ಹೋದೆ. ಹೆಬ್ಬಾಳ ಖಾಲಿ ಇತ್ತು. ಒಂದೇ ಒಂದು ಕಡೆಯೂ ನಿಲ್ಲಬೇಕಾಗಲಿಲ್ಲ. ಇಷ್ಟು ಹತ್ತಿರವಾ ಅನ್ನಿಸಿತು. ತಗ್ಗು ಬಿದ್ದ ಬಾಗಿಲು ತೆಗೆದು, ಒಂದನೇ ಡಬ್ಬಿಯಿಂದ ಶೀಟು ತೆಗೆದೆ. ಅಂಚಿನಲ್ಲಿ ಸುಣ್ಣ ಇನ್ನೂ ಇತ್ತು. ಅವತ್ತು ನಾನು ಪೂರ್ತಿ ಒರೆಸಿರಲಿಲ್ಲ.

ತಂದು ಒಳಗಿನ ಅರೆಯಲ್ಲಿ, ಅವರು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಇಟ್ಟೆ. ತಗೊಳ್ಳಿ ಮಾವ ಅಂದೆ, ಮನಸ್ಸಿನಲ್ಲಿ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು, ಬಾಗಿಲು ಮುಚ್ಚಿದೆವು. ಹೋದವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಮಕ್ಕಳನ್ನು ಸುಮ್ಮನಿರಿಸಿಕೊಂಡು ಹಜಾರದಲ್ಲಿ ಕೂತೆವು. ಒಳಗೆ ಸಂಚಿ ತಡಕಾಡುವ ಸದ್ದು ಕೇಳಿಸುತ್ತದೇನೋ ಅಂತ ನಾನು ಬಾಗಿಲಿಗೆ ಕಿವಿ ಕೊಟ್ಟೇ ಕೂತಿದ್ದೆ. ಏನೂ ಕೇಳಿಸಲಿಲ್ಲ.

ಬಾಗಿಲು ತೆಗೆದಾಗ ಮೊದಲು ಒಳಗೆ ಹೋದದ್ದು ನಾನೇ. ಇವರು ಮುದ್ದೆಯ ಮೇಲೆ ಬೆರಳಿನ ಗುರುತು ಬಿದ್ದಿದೆ, ಅಪ್ಪ ಬಂದಿದ್ದರು ಅಂತ ಎಲ್ಲರನ್ನೂ ಕರೆದು ತೋರಿಸುತ್ತಿದ್ದರು. ನಾನು ಸಂಚಿಯ ಒಳಗಿನ ಅರೆ ನೋಡಿದೆ. ಶೀಟು ಹಾಗೇ ಇತ್ತು. ತೆಗೆದು ಸೆರಗಿಗೆ ಕಟ್ಟಿಕೊಂಡೆ. ಮನೆ ತುಂಬ ಮಕ್ಕಳು. ಯಾವುದಾದರೂ ಪೆಪ್ಪರ್‌ಮೆಂಟ್ ಅಂತ ಬಾಯಿಗೆ ಹಾಕಿಕೊಂಡರೆ ಯಾರು ಜವಾಬ್ದಾರಿ?

ಸಂಜೆ ಹೋಂಗೆ ಹೋಗಿ ಒಂದನೇ ಡಬ್ಬಿಯಲ್ಲಿಟ್ಟು ಬಂದೆ. ಬೀಗ ಎರಡು ಸಲ ಎಳೆದು ನೋಡಿದೆ. ಭದ್ರವಾಗಿದೆ.